ಚೀಲದಲ್ಲಿ ಬರುವ ಡಾಂಬರು: ಗುಂಡಿ ಮುಚ್ಚಲು ಎಷ್ಟು ನಂಬಬಹುದು?

ಮಳೆ ಹಿಡಿದ ಮೇಲೆ ಬಿಸಿ ಡಾಂಬರು ಮಿಶ್ರಣ ತಯಾರಿಸುವ ಹಾಟ್‌ಮಿಕ್ಸ್ ಪ್ಲಾಂಟುಗಳು ನಿಲ್ಲುತ್ತವೆ. ರಸ್ತೆಯಲ್ಲಿ ಗುಂಡಿಗಳು ಬೀಳುವುದೂ ಅದೇ ಹೊತ್ತಿಗೆ. ಈ ತೆರಪಿಗೆಂದೇ ಮಾರುಕಟ್ಟೆಯಲ್ಲಿರುವ ಸರಕು ರೆಡಿಮೇಡ್ ಕೋಲ್ಡ್ ಮಿಕ್ಸ್, ಅಂದರೆ ಬಿಸಿ ಮಾಡದೆ ಹಾಕುವ ಡಾಂಬರು ಮಿಶ್ರಣ. ಚೀಲದ ಬಾಯಿ ಕತ್ತರಿಸಿ ಗುಂಡಿಗೆ ಸುರಿದು, ಕುಟ್ಟಿ, ಕೂಡಲೇ ವಾಹನ ಬಿಡಬಹುದು. ಒಲೆ ಬೇಕಿಲ್ಲ, ಟಿಪ್ಪರ್ ಬೇಕಿಲ್ಲ, ರೋಲರ್ ಕೂಡ ಬೇಕಿಲ್ಲ. ಗ್ರಾಮ ಪಂಚಾಯಿತಿ, ಪುರಸಭೆ, ಅಪಾರ್ಟ್‌ಮೆಂಟ್ ಸಂಘ, ಕಾರ್ಖಾನೆ, ಲೋಕೋಪಯೋಗಿ ಇಲಾಖೆಯ ಉಪವಿಭಾಗ ಎಲ್ಲರೂ ಇದನ್ನು ಕೊಳ್ಳುತ್ತಾರೆ. ಕೊಂಡವರಲ್ಲಿ ಅರ್ಧದಷ್ಟು ಜನ ಹೊಗಳಿದರೆ ಇನ್ನರ್ಧ ಜನ ಬಯ್ಯುತ್ತಾರೆ. ಸರಕು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಹೀಗಾಗುವುದಕ್ಕೆ ಕಾರಣ, ಅದನ್ನು ಹಾಕಿದ ಗುಂಡಿ ಮತ್ತು ಹಾಕಿದ ರೀತಿ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಒಳ್ಳೆಯ ಚೀಲ ಕೊಳ್ಳಲು ಯೋಗ್ಯವಾದದ್ದೇ. ಮಳೆಗಾಲದ ನಾಲ್ಕು ತಿಂಗಳು ರಸ್ತೆಯ ತಳಕ್ಕೆ ನೀರು ಇಳಿಯದಂತೆ ತಡೆಯಲು, ಬೈಕಿನವರ ಪ್ರಾಣ ಉಳಿಸಲು ಇದಕ್ಕಿಂತ ಬೇಗ ಒದಗುವ ವಸ್ತು ಇನ್ನೊಂದಿಲ್ಲ. ಆದರೆ ಇದು ಮರುಡಾಂಬರೀಕರಣದ ಬದಲಿ ಅಲ್ಲ, ಹೂಳು ತುಂಬಿದ ಚರಂಡಿಗೆ ಪರಿಹಾರವೂ ಅಲ್ಲ. ಸೇತುವೆಯ ಜಾಯಿಂಟಿನ ಮೇಲಂತೂ ಇದನ್ನು ಸುರಿಯಲೇಬಾರದು.

ಚೀಲದೊಳಗೆ ಏನಿದೆ

ಸಣ್ಣ ಜಲ್ಲಿ, ಕಲ್ಲುಪುಡಿ, ಮೆದುಮಾಡಿದ ಬಿಟುಮಿನ್, ಅಂದರೆ ಡಾಂಬರಿನ ಕಪ್ಪು ಅಂಟು. ತಣ್ಣಗಿರುವಾಗ ಬಿಟುಮಿನ್ ಗಟ್ಟಿ. ಹಾಗಾಗಿ ಅದನ್ನು ಚೀಲದಲ್ಲಿ ಸಲಿಕೆಗೆ ಸಿಗುವಷ್ಟು ಸಡಿಲವಾಗಿ ಇಡುವುದು ಹೇಗೆ ಎಂಬುದರ ಮೇಲೆ ಈ ಸರಕಿನ ಜಾತಿಗಳು ಬೇರೆಯಾಗುತ್ತವೆ.

ಮೊದಲನೆಯದು ಕಟ್‌ಬ್ಯಾಕ್. ಬಿಟುಮಿನ್‌ಗೆ ಸೀಮೆಎಣ್ಣೆ ಜಾತಿಯ ತೆಳು ಎಣ್ಣೆ ಬೆರೆಸಿರುತ್ತಾರೆ. ಇದಕ್ಕೆ ರಸ್ತೆ ಕೆಲಸದ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ:116-2014 ಎಂಬ ಪ್ರತ್ಯೇಕ ನಿರ್ದಿಷ್ಟತೆಯೇ ಇದೆ. ಗುಂಡಿಗೆ ಬಿದ್ದ ಮೇಲೆ ಆ ಎಣ್ಣೆ ನಿಧಾನವಾಗಿ ಆರುತ್ತದೆ, ಆರಿದಷ್ಟು ಗಟ್ಟಿಯಾಗುತ್ತದೆ. ಮೇಲ್ಭಾಗ ಬೇಗ ಬಿಗಿಯುತ್ತದೆ, ಒಳಭಾಗ ವಾರಗಟ್ಟಲೆ ಮೆತ್ತಗಿರುತ್ತದೆ. ಇದು ದೋಷವಲ್ಲ, ಅದರ ಗುಣ. ಆದರೆ ಹದಿನೈದು ಸೆಂಟಿಮೀಟರ್ ಆಳದ ಗುಂಡಿಗೆ ಒಂದೇ ಸಲ ಸುರಿದರೆ ಈ ಗುಣವೇ ದೋಷವಾಗಿಬಿಡುತ್ತದೆ. ಎಣ್ಣೆ ಹೊರಬರಲು ದಾರಿ ಇಲ್ಲದೆ ಒಳಗೆ ಹಿಟ್ಟಿನಂತೆ ಉಳಿಯುತ್ತದೆ, ಲಾರಿ ಚಕ್ರ ಹರಿದಾಗ ಬದಿಗೆ ಜರುಗಿ ದಿಬ್ಬವಾಗುತ್ತದೆ.

ಎರಡನೆಯದು ಎಮಲ್ಷನ್. ಇಲ್ಲಿ ಬಿಟುಮಿನ್‌ನ ಸಣ್ಣ ಹನಿಗಳು ನೀರಿನಲ್ಲಿ ತೇಲುತ್ತಿರುತ್ತವೆ. ಕಲ್ಲಿಗೆ ತಾಗಿದಾಗ ನೀರು ಬೇರೆಯಾಗಿ ಬಿಟುಮಿನ್ ಅಂಟಿಕೊಳ್ಳುತ್ತದೆ, ಕಂದು ಬಣ್ಣ ಕಪ್ಪಿಗೆ ತಿರುಗುತ್ತದೆ. ಎಮಲ್ಷನ್ ಬಳಸುವ ಕೋಲ್ಡ್ ಮಿಕ್ಸ್ ಕೆಲಸಕ್ಕೆ ಐಆರ್‌ಸಿ:100-2014 ಇದೆ. ಹೊಗೆ ಇಲ್ಲ, ಎಣ್ಣೆ ವಾಸನೆ ಇಲ್ಲ, ಪರಿಸರಕ್ಕೂ ಕೆಲಸಗಾರರ ಶ್ವಾಸಕ್ಕೂ ಒಳ್ಳೆಯದು. ಆದರೆ ಹಾಕಿದ ಅರ್ಧ ಗಂಟೆಗೆ ಜೋರು ಮಳೆ ಬಂದರೆ ಇನ್ನೂ ಅಂಟಿಕೊಳ್ಳದ ಬಿಟುಮಿನ್ ಕಂದು ನೀರಾಗಿ ಚರಂಡಿಗೆ ಹರಿದುಹೋಗುತ್ತದೆ. ಬಿಸಿಲು ಬಿಡುವು ಕೊಡುವ ಬಯಲುಸೀಮೆಗೆ ಇದು ಸರಿ. ಆಗುಂಬೆ, ಶಿರಾಡಿ, ಚಾರ್ಮಾಡಿಯ ಜುಲೈ ತಿಂಗಳಿಗೆ ಅಲ್ಲ.

ಮೂರನೆಯದು ಉಕ್ಕಿನ ಕಾರ್ಖಾನೆಯ ಕಿಟ್ಟ, ಅಂದರೆ ಸ್ಲ್ಯಾಗ್ ಬಳಸುವ ಮಿಶ್ರಣ. ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಇಕೋಫಿಕ್ಸ್ ಈ ಗುಂಪಿನದು. ಬೆಂಗಳೂರಿನಲ್ಲಿ ಬಿಬಿಎಂಪಿ ಇದ್ದಾಗ 2024ರಲ್ಲಿ ಇದನ್ನು ಪ್ರಯೋಗಕ್ಕೆ ತೆಗೆದುಕೊಂಡಿತ್ತು. ನೀರು ನಿಂತ ಗುಂಡಿಗೂ ಹಾಕಬಹುದು ಎಂಬುದು ಇದರ ದೊಡ್ಡ ಅನುಕೂಲ. ಕ್ವಾರಿ ಕಲ್ಲು ಉಳಿಯುತ್ತದೆ, ಕಾರ್ಖಾನೆಯ ಗುಡ್ಡದಂಥ ತ್ಯಾಜ್ಯ ಕರಗುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನೀರಿನಲ್ಲಿ ಹಾಕಿದರೂ ಮಿಶ್ರಣ ಗಟ್ಟಿಯಾಗುತ್ತದೆ ಎಂದರೆ ಅದರ ಕೆಳಗೆ ನೆನೆದು ಮೆತ್ತಗಾದ ವೆಟ್‌ಮಿಕ್ಸ್ (ನೀರು ಬೆರೆಸಿ ಕುಟ್ಟಿದ ಜಲ್ಲಿ-ಕಲ್ಲುಪುಡಿಯ ತಳಪದರ) ಕೂಡ ಗಟ್ಟಿಯಾಗುತ್ತದೆ ಎಂದರ್ಥವಲ್ಲ. ತಳ ಕುಸಿದರೆ ಮೇಲಿನ ತೇಪೆ ಎಷ್ಟೇ ಗಟ್ಟಿ ಇದ್ದರೂ ಒಟ್ಟಿಗೇ ಕೆಳಗಿಳಿಯುತ್ತದೆ.

ಕೊಳ್ಳುವ ಮುನ್ನ ಕೈಯಾರೆ ಮಾಡುವ ಪರೀಕ್ಷೆ

ಪ್ರಯೋಗಾಲಯದ ವರದಿ ಕೇಳಿ, ಅದು ನಿಮ್ಮ ಹಕ್ಕು. ಜೊತೆಗೆ ಒಂದು ಚೀಲ ಒಡೆದು ನೋಡಿ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಗಟ್ಟಿಯಾಗಿ ಹಿಸುಕಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ಒತ್ತಿದರೆ ಒಡೆಯಬೇಕು. ಉಂಡೆಯೇ ಕಟ್ಟದಿದ್ದರೆ ಎಣ್ಣೆ ಆರಿಹೋದ ಹಳೆಯ ಸರಕು. ಅಂಗೈಯಲ್ಲಿ ಎಣ್ಣೆ ಜಿನುಗಿ ಹರಿದರೆ ಬಿಟುಮಿನ್ ಹೆಚ್ಚಾಗಿದೆ ಅಥವಾ ತೀರಾ ತೆಳುವಾಗಿದೆ. ಚೀಲವನ್ನು ತಲೆಕೆಳಗು ಮಾಡಿ ನೋಡಿ: ಕೆಳಭಾಗದ ಕಲ್ಲು ಮಾತ್ರ ಕಪ್ಪಗೆ ತೊಯ್ದು ಮೇಲಿನದು ಬೂದುಬಣ್ಣಕ್ಕೆ ತಿರುಗಿದ್ದರೆ ಬಿಟುಮಿನ್ ಇಳಿದು ಕೆಳಗೆ ಸೇರಿದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನೀರಿನ ಪರೀಕ್ಷೆ. ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಒಂದು ಹಿಡಿ ಮಿಶ್ರಣ ಹಾಕಿ 24 ಗಂಟೆ ಬಿಡಿ. ಪ್ರಯೋಗಾಲಯದಲ್ಲಿ ಇದೇ ಪರೀಕ್ಷೆಯನ್ನು 40 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಮಾಡುತ್ತಾರೆ. ಮರುದಿನ ಕಲ್ಲಿನ ಮೇಲ್ಮೈಯ ಶೇ. 95ರಷ್ಟಾದರೂ ಕಪ್ಪಗೇ ಉಳಿದಿರಬೇಕು. ಅಲ್ಲಲ್ಲಿ ಬರಿಯ ಕಲ್ಲು ಕಂಡರೆ ಆ ಚೀಲ ಮಳೆಗಾಲಕ್ಕೆ ಅಲ್ಲ. ದಕ್ಷಿಣ ಕರ್ನಾಟಕದಲ್ಲಿ ಈ ಪರೀಕ್ಷೆ ಬಿಡಲೇಬಾರದು. ನಮ್ಮಲ್ಲಿ ಸಿಗುವುದು ಗ್ರಾನೈಟು ಮತ್ತು ನೈಸ್ ಜಾತಿಯ ಕಲ್ಲು. ಅದರಲ್ಲಿ ಸಿಲಿಕಾ ಹೆಚ್ಚು, ಅದಕ್ಕೆ ಡಾಂಬರಿಗಿಂತ ನೀರಿನ ಮೇಲೆ ಒಲವು ಜಾಸ್ತಿ, ಅಂಟು ಬೇಗ ಬಿಡುತ್ತದೆ. ಬೆಳಗಾವಿ, ವಿಜಯಪುರ ಕಡೆಯ ಕಪ್ಪು ಬಸಾಲ್ಟ್ ಕಲ್ಲು ಡಾಂಬರನ್ನು ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಗ್ರಾನೈಟ್ ಜಲ್ಲಿಯ ಮಿಶ್ರಣವಾದರೆ ಅಂಟು ಬಿಡದಂತೆ ತಡೆಯುವ ರಾಸಾಯನಿಕವನ್ನು, ಅಂದರೆ ಆ್ಯಂಟಿ-ಸ್ಟ್ರಿಪ್ಪಿಂಗ್ ಏಜೆಂಟನ್ನು, ಬೆರೆಸಿದ್ದಾರೆಯೇ ಎಂದು ತಯಾರಕರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ತಯಾರಾದ ತಿಂಗಳು ಚೀಲದ ಮೇಲೆ ಅಚ್ಚಾಗಿರಬೇಕು. ಮಾರ್ಚ್ ಕೊನೆಗೆ ಅನುದಾನ ಖರ್ಚು ಮಾಡುವ ಅವಸರದಲ್ಲಿ ನೂರಾರು ಚೀಲ ಕೊಂಡು ಗೋದಾಮಿನಲ್ಲಿ ಒಟ್ಟಿದರೆ, ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿಗೆ ಅದು ಒಳಗೇ ಬಿಗಿಯುತ್ತದೆ. ಜೂನ್‌ನಲ್ಲಿ ತೆಗೆದಾಗ ಚೀಲದಿಂದ ಬರುವುದು ಗಟ್ಟಿ ಹೆಂಟೆ.

ಎಷ್ಟು ಚೀಲ ಬೇಕು

ಅಂದಾಜು ತಪ್ಪುವುದು ಇಲ್ಲೇ ಹೆಚ್ಚು. ಕುಟ್ಟಿದ ಕೋಲ್ಡ್ ಮಿಕ್ಸ್‌ನ ತೂಕ ಘನ ಮೀಟರಿಗೆ ಸುಮಾರು 2.0ರಿಂದ 2.2 ಟನ್. 2.1 ಎಂದು ಹಿಡಿಯೋಣ. ಕಣ್ಣಿಗೆ ಕಾಣುವ ಗುಂಡಿ 45 ಸೆಂ.ಮೀ. ಅಗಲ ದುಂಡಗಿದ್ದು 7.5 ಸೆಂ.ಮೀ. ಆಳವಿದ್ದರೆ 25 ಕೆ.ಜಿ. ಸಾಕು ಎಂಬ ಲೆಕ್ಕ ಬರುತ್ತದೆ, ಅಂದರೆ ಒಂದು ಚಿಕ್ಕ ಚೀಲ. ಆದರೆ ಅದೇ ಗುಂಡಿಯ ಸುತ್ತ ಸಡಿಲವಾದ ಡಾಂಬರು ತೆಗೆದು ಚೌಕ ಕತ್ತರಿಸಿದಾಗ ಅದು 60 × 60 ಸೆಂ.ಮೀ. ಆಗುತ್ತದೆ. ಆಗ ಬೇಕಾಗುವುದು 57 ಕೆ.ಜಿ., ಎರಡೂಕಾಲು ಚೀಲಕ್ಕಿಂತ ತುಸು ಹೆಚ್ಚು. ಒಂದು ಚೀಲ ತಂದವರು ಚೌಕ ಕತ್ತರಿಸುವುದೇ ಇಲ್ಲ, ಇದ್ದದ್ದರಲ್ಲೇ ತುಂಬಿ ಹೋಗುತ್ತಾರೆ. ಅಂದಾಜುಪಟ್ಟಿಯನ್ನು ಕತ್ತರಿಸಿದ ಅಳತೆಗೆ ಮಾಡಿದರೆ ಮಾತ್ರ ಕೆಲಸ ಸರಿಯಾಗಿ ನಡೆಯುತ್ತದೆ.

ಬಿಲ್ಲು ಪರಿಶೀಲಿಸುವ ಪಿಡಿಒ ಅಥವಾ ವಾರ್ಡ್ ಸಮಿತಿಯವರಿಗೆ ಒಂದು ಸುಲಭ ಸೂತ್ರ: 25 ಕೆ.ಜಿ.ಯ 100 ಚೀಲ ಅಂದರೆ 2.5 ಟನ್, 5 ಸೆಂ.ಮೀ. ಆಳದಲ್ಲಿ ಅದು ಮುಚ್ಚುವುದು ಸುಮಾರು 24 ಚದರ ಮೀಟರ್. ಬಿಲ್ಲಿನಲ್ಲಿ 100 ಚೀಲಕ್ಕೆ 60 ಚದರ ಮೀಟರ್ ತೋರಿಸಿದ್ದರೆ ತೇಪೆ ಎರಡು ಸೆಂಟಿಮೀಟರ್ ದಪ್ಪ ಮಾತ್ರ ಇದೆ, ಅದು ನಿಲ್ಲುವುದಿಲ್ಲ. ಬರೀ 10 ಚದರ ಮೀಟರ್ ತೋರಿಸಿದ್ದರೆ ಉಳಿದ ಚೀಲಗಳು ಎಲ್ಲಿ ಹೋದವು ಎಂದು ಕೇಳಬೇಕು. ಅಳತೆ ಪುಸ್ತಕದಲ್ಲಿ ಪ್ರತಿ ಗುಂಡಿಯ ಉದ್ದ, ಅಗಲ, ಆಳ ಬರೆದು, ಕತ್ತರಿಸಿದ ಮೇಲೆ ಟೇಪ್ ಇಟ್ಟು ತೆಗೆದ ಫೋಟೋ ಲಗತ್ತಿಸಿ, ಖಾಲಿ ಚೀಲಗಳನ್ನು ಎಣಿಸಿ ಪಡೆಯಿರಿ.

ಹಾಕುವ ಕ್ರಮ

ಮೊದಲು ವಾಹನಗಳನ್ನು ಬದಿಗೆ ತಿರುಗಿಸಿ. ಕೋನ್, ಹೊಳೆಯುವ ಜಾಕೆಟ್, ಬಾವುಟ ಹಿಡಿದ ಒಬ್ಬ ವ್ಯಕ್ತಿ ಇರಬೇಕು. ಗುಂಡಿ ಮುಚ್ಚುವವರು ರಸ್ತೆ ಮಧ್ಯೆ ಬೆನ್ನು ಬಗ್ಗಿಸಿ ಕೂತಿರುತ್ತಾರೆ, ಅವರ ಜೀವಕ್ಕೆ ಇದು ಮೊದಲ ಖರ್ಚು.

ಗುಂಡಿಯ ಸುತ್ತ ಗಟ್ಟಿ ಡಾಂಬರು ಸಿಗುವವರೆಗೆ ಸುತ್ತಿಗೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಜಾಗವೆಲ್ಲ ಹೋಗಬೇಕು. ಸೀಮೆಸುಣ್ಣದಿಂದ ಚೌಕ ಅಥವಾ ಆಯತ ಗುರುತು ಮಾಡಿ, ಎರಡು ಬದಿ ವಾಹನ ಚಲಿಸುವ ದಿಕ್ಕಿಗೆ ಸಮವಾಗಿರಲಿ. ಕಟರ್ ಯಂತ್ರವಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಹಾರೆ, ಪಿಕಾಸಿ, ಉಳಿ ಸಾಕು. ಗೋಡೆಗಳು ನೇರವಾಗಿ ನಿಂತಿರಬೇಕು. ಬಾಣಲೆಯಂತೆ ಇಳಿಜಾರಾದ ಅಂಚಿನಲ್ಲಿ ಮಿಶ್ರಣದ ದಪ್ಪ ಸೊನ್ನೆಗೆ ಇಳಿಯುತ್ತದೆ. ಆ ತೆಳು ತುದಿಯನ್ನು ಚಕ್ರ ಮೊದಲು ಕೀಳುತ್ತದೆ, ಅಲ್ಲಿಂದ ನೀರು ಒಳಗಿಳಿಯುತ್ತದೆ. ಬಾಳದ ತೇಪೆಗಳಲ್ಲಿ ಹೆಚ್ಚಿನವು ಸೋಲುವುದು ಈ ಅಂಚಿನಿಂದಲೇ.

ಸಡಿಲ ಕಲ್ಲು, ಕೆಸರು, ನೀರು ಎಲ್ಲ ತೆಗೆಯಿರಿ. ತಂತಿ ಬ್ರಷ್ ಹಾಕಿ, ಪೊರಕೆ ಆಡಿಸಿ, ಬ್ಲೋವರ್ ಇದ್ದರೆ ಊದಿ. ಕಟರ್ ಬಳಸಿದ್ದರೆ ಅದರ ನೀರು ತಳದಲ್ಲಿ ನಿಂತಿರುತ್ತದೆ, ಅದನ್ನೂ ಬಟ್ಟೆಯಿಂದ ಒರೆಸಬೇಕು. ತಳದಲ್ಲಿ ಬರೀ ಕೆಸರಿದ್ದರೆ ಅದನ್ನು ಅಗೆದು ತೆಗೆದು ವೆಟ್‌ಮಿಕ್ಸ್ ಅಥವಾ ಜಲ್ಲಿ-ಕಲ್ಲುಪುಡಿ ತುಂಬಿ ಕುಟ್ಟಿ. ಚೀಲದ ಡಾಂಬರು ಮೇಲಿನ 5ರಿಂದ 7.5 ಸೆಂ.ಮೀ.ಗೆ ಮಾತ್ರ ಇರಲಿ. ಆಳದ ಗುಂಡಿಯನ್ನು ಪೂರ್ತಿ ಚೀಲದಿಂದಲೇ ತುಂಬುವುದು ದುಂದು, ಮೇಲೆ ಹೇಳಿದಂತೆ ಅಪಾಯ ಕೂಡ. ಮನೆ ಒಡೆದ ಇಟ್ಟಿಗೆ ಚೂರು ತುಂಬುವುದಂತೂ ಬೇಡವೇ ಬೇಡ. ಇಟ್ಟಿಗೆ ನೀರು ಹೀರಿ ಚಕ್ರದಡಿ ಪುಡಿಯಾಗುತ್ತದೆ.

ನಂತರ ಟ್ಯಾಕ್ ಕೋಟ್, ಅಂದರೆ ಹಳೆಯ ರಸ್ತೆಗೂ ಹೊಸ ಮಿಶ್ರಣಕ್ಕೂ ನಡುವೆ ಹಚ್ಚುವ ತೆಳು ಅಂಟು ಲೇಪ. ಬೇಗ ಒಡೆಯುವ, ಅಂದರೆ ನೀರು ಬೇಗ ಬೇರೆಯಾಗುವ ಜಾತಿಯ, ಆರ್‌ಎಸ್-1 ಎಮಲ್ಷನ್ ಚದರ ಮೀಟರಿಗೆ ಸುಮಾರು ಕಾಲು ಕೆ.ಜಿ. ಸಾಕು. ನಮ್ಮ 60 × 60 ಗುಂಡಿಯ ತಳ ಮತ್ತು ನಾಲ್ಕು ಗೋಡೆ ಸೇರಿ ಅರ್ಧ ಚದರ ಮೀಟರ್ ಚಿಲ್ಲರೆ, ಅದಕ್ಕೆ ಬೇಕಾದದ್ದು 135 ಗ್ರಾಂ. ಬ್ರಷ್ಷಿನಿಂದ ಹಚ್ಚಬೇಕು. ಬಕೆಟ್ಟಿನಿಂದ ಸುರಿದರೆ ಅದು ತಳದಲ್ಲಿ ಮಡುಗಟ್ಟಿ ಬೇಸಿಗೆಯಲ್ಲಿ ಮೇಲೆ ಜಿನುಗುತ್ತದೆ. ಕಂದು ಹೋಗಿ ಕಪ್ಪಾಗುವವರೆಗೆ ಕಾಯಬೇಕು. ಕೆಲವು ತಯಾರಕರು ತಮ್ಮ ಮಿಶ್ರಣಕ್ಕೆ ಟ್ಯಾಕ್ ಕೋಟ್ ಬೇಡ ಎಂದೇ ಹೇಳುತ್ತಾರೆ. ತಳಕ್ಕೆ ಬಿಟ್ಟರೂ ಗೋಡೆಗಳಿಗೆ ಹಚ್ಚುವುದು ಒಳ್ಳೆಯದು, ಹಳೆ-ಹೊಸದರ ನಡುವಿನ ಗೆರೆಯೇ ನೀರಿನ ಬಾಗಿಲು.

ಮಿಶ್ರಣವನ್ನು 5 ಸೆಂ.ಮೀ.ಗೊಂದು ಪದರದಂತೆ ಹಾಕಿ, ಒಂದೊಂದನ್ನೂ ಅಂಚಿನಿಂದ ಮಧ್ಯಕ್ಕೆ ಕುಟ್ಟುತ್ತ ಬನ್ನಿ. ಪ್ಲೇಟ್ ಕಂಪ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ, ಅದೇ ಉತ್ತಮ. ಕೈ ದಿಮ್ಮಸಿನಿಂದಲೂ ಆಗುತ್ತದೆ, ಆದರೆ ಮೂಲೆಗಳನ್ನು ಬಿಡಬಾರದು. ಜೀಪಿನ ಚಕ್ರ ಹರಿಸಿ ಮುಗಿಸುವ ಅಭ್ಯಾಸ ತಪ್ಪು: ಚಕ್ರ ಮಧ್ಯವನ್ನು ಒತ್ತುತ್ತದೆ, ಮೂಲೆಗಳು ಸಡಿಲವಾಗಿಯೇ ಉಳಿಯುತ್ತವೆ. ಸಡಿಲ ಮಿಶ್ರಣ ಕುಟ್ಟಿದಾಗ ಕಾಲುಭಾಗದಷ್ಟು ತಗ್ಗುತ್ತದೆ. ಕೊನೆಗೆ ರಸ್ತೆಯ ಮಟ್ಟಕ್ಕಿಂತ ಸುಮಾರು 5 ಮಿ.ಮೀ. ಎತ್ತರ ಉಳಿಸಿ, ವಾಹನಗಳು ಅದನ್ನು ಸಮಕ್ಕೆ ತರುತ್ತವೆ. ಅದಕ್ಕಿಂತ ಎತ್ತರ ಮಾಡಿದರೆ ಗುಂಡಿಯ ಜಾಗದಲ್ಲಿ ಉಬ್ಬು ಬಂದಂತಾಗುತ್ತದೆ, ರಾತ್ರಿ ಬೈಕಿಗೆ ಎರಡೂ ಅಷ್ಟೇ ಅಪಾಯ. ಕೊನೆಯಲ್ಲಿ ಕಲ್ಲುಪುಡಿ ತೆಳುವಾಗಿ ಉದುರಿಸಿದರೆ ಟೈರಿಗೆ ಅಂಟಿ ಕಿತ್ತುಬರುವುದಿಲ್ಲ.

ಎಲ್ಲಿ ಹಣ ವ್ಯರ್ಥ

ಗುಂಡಿಯ ಪಕ್ಕದಲ್ಲಿ ನಿಂತು ನೀರು ಎಲ್ಲಿಂದ ಬಂತು ಎಂದು ಮೊದಲು ನೋಡಬೇಕು. ಮಳೆ ನಿಂತು ಎರಡು ಗಂಟೆಯಾದ ಮೇಲೂ ಅಲ್ಲಿ ನೀರು ನಿಂತಿದ್ದರೆ ಚೀಲ ಕೊಳ್ಳುವ ಮುನ್ನ ಚರಂಡಿ ಕಡೆಗೆ ಹೋಗಿ. ಹಳ್ಳಿ ರಸ್ತೆಗಳಲ್ಲಿ ಪಕ್ಕದ ಮಣ್ಣು ಹುಲ್ಲು ಬೆಳೆದು ಡಾಂಬರಿಗಿಂತ ಎತ್ತರವಾಗಿರುತ್ತದೆ, ನೀರು ಹೊರಹೋಗಲು ದಾರಿಯೇ ಇರುವುದಿಲ್ಲ. ಅಲ್ಲಿ ಗುದ್ದಲಿಯಿಂದ ಹತ್ತು ಮೀಟರಿಗೊಂದು ಕಂಡಿ ಕಡಿದುಕೊಟ್ಟರೆ, ಚೀಲದ ಬೆಲೆಯ ಸಣ್ಣ ಭಾಗದಲ್ಲಿ ಮುಂದಿನ ಗುಂಡಿಯೇ ತಪ್ಪುತ್ತದೆ. ಮನೆಗಳ ಬಚ್ಚಲು ನೀರು ರಸ್ತೆಗೆ ಬರುವ ಕಡೆ, ಪೈಪ್ ಒಳಗೆ ಸೋರುವ ಕಡೆ ಯಾವ ಚೀಲವೂ ನಿಲ್ಲುವುದಿಲ್ಲ.

ಹುಬ್ಬಳ್ಳಿ, ಗದಗ, ರಾಯಚೂರು, ಕಲಬುರಗಿಯ ಎರೆಮಣ್ಣಿನ ರಸ್ತೆಗಳಲ್ಲಿ ಇನ್ನೊಂದು ಸಂಕಟ. ಮಳೆಗೆ ಆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ರಸ್ತೆಯ ಉದ್ದಕ್ಕೆ ಅಂಚಿಗೆ ಸಮನಾಗಿ ಬಿರುಕು ಓಡಿದ್ದರೆ, ಡಾಂಬರು ಅಲೆಅಲೆಯಾಗಿದ್ದರೆ ರೋಗ ತಳದ ಮಣ್ಣಿನದ್ದು. ಅಲ್ಲಿ ಬಿರುಕಿಗೆ ಎಮಲ್ಷನ್ ಸುರಿದು ಮರಳು ಹಾಕಿ ನೀರು ತಡೆಯುವುದಷ್ಟೇ ಈಗ ಆಗುವ ಕೆಲಸ. ಮಿಕ್ಕದ್ದಕ್ಕೆ ರಸ್ತೆಯನ್ನೇ ಅಗೆದು ಸುಣ್ಣ ಬೆರೆಸಿಯೋ, ಒಳ್ಳೆಯ ಮಣ್ಣು ಹಾಕಿಯೋ ತಳ ಕಟ್ಟಬೇಕು.

ನಗರಗಳ ಗುಂಡಿಗಳಲ್ಲಿ ಎಷ್ಟೋ ಗುಂಡಿಗಳಲ್ಲ, ಪೈಪು-ಕೇಬಲ್ಲಿಗೆ ಅಗೆದ ಕಾಲುವೆಗಳು. ಮಣ್ಣನ್ನು ಒಂದೇ ಸಲ ತುಂಬಿ ಮೇಲೆ ಡಾಂಬರು ಬಳಿದರೆ ಮೊದಲ ಮಳೆಗೇ ಉದ್ದಕ್ಕೆ ತಗ್ಗಾಗುತ್ತದೆ. 15 ಸೆಂ.ಮೀ.ಗೊಂದು ಪದರ ನೀರು ಹಾಕಿ ಕುಟ್ಟುತ್ತ ಬಂದರೆ ಮಾತ್ರ ಕಾಲುವೆ ನಿಲ್ಲುತ್ತದೆ. ಈ ತಗ್ಗುಗಳಿಗೆ ಪಾಲಿಕೆಯ ಗುಂಡಿ ಅನುದಾನದಿಂದ ಚೀಲ ಸುರಿಯುವುದು ತಪ್ಪು. ಅಗೆದವರಿಂದ ಮರುಸ್ಥಾಪನೆಗೆಂದು ಮೊದಲೇ ಕಟ್ಟಿಸಿಕೊಂಡ ಹಣ ಇರುತ್ತದೆ, ಆ ಹಣದಿಂದಲೇ ಕಾಲುವೆಯನ್ನು ಮತ್ತೆ ಅಗೆಸಿ ತುಂಬಿಸಬೇಕು.

ಕಾಂಕ್ರೀಟ್ ರಸ್ತೆಗೂ ಇದು ಒಗ್ಗದು. ಎರಡೂ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುತ್ತವೆ, ನಯವಾದ ಗೋಡೆಗೆ ಡಾಂಬರು ಹಿಡಿಯುವುದಿಲ್ಲ. ತುರ್ತಿಗೆ ಹಾಕಬಹುದು, ಅಷ್ಟೇ.

ಹಣದ ಲೆಕ್ಕ

ಕಿಲೋ ಲೆಕ್ಕದಲ್ಲಿ ಚೀಲದ ಮಿಶ್ರಣ ಪ್ಲಾಂಟಿನಿಂದ ಬರುವ ಬಿಸಿ ಮಿಶ್ರಣಕ್ಕಿಂತ ದುಬಾರಿ. ಆದರೆ ಬಿಸಿ ಮಿಶ್ರಣ 60 ಕಿಲೋ ಕೊಡಿ ಎಂದರೆ ಯಾರೂ ಕೊಡುವುದಿಲ್ಲ, ಟಿಪ್ಪರ್ ತುಂಬ ತರಬೇಕು. ವಿಜಿ-30 ಎಂಬ ದರ್ಜೆಯ ಬಿಟುಮಿನ್‌ನ ಮಿಶ್ರಣ ಪ್ಲಾಂಟಿನಲ್ಲಿ 150ರಿಂದ 165 ಡಿಗ್ರಿ ಇರುತ್ತದೆ, ರಸ್ತೆಗೆ ಹರಡುವಾಗ ಕನಿಷ್ಠ 140 ಇರಬೇಕು, ರೋಲರ್ ಕೆಲಸ 90 ಡಿಗ್ರಿಗೆ ಇಳಿಯುವುದರೊಳಗೆ ಮುಗಿಯಬೇಕು. ನಗರದ ಹೊರಗಿನ ಪ್ಲಾಂಟಿನಿಂದ ಬಂದು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಟಿಪ್ಪರ್ ವಾರ್ಡಿನಲ್ಲಿ ಹತ್ತು ಕಡೆ ನಿಂತು ಹತ್ತು ಗುಂಡಿ ಮುಚ್ಚುವಷ್ಟರಲ್ಲಿ ಮಿಶ್ರಣ ತಣ್ಣಗಾಗಿರುತ್ತದೆ. ತಣ್ಣಗಾದ ಬಿಸಿ ಮಿಶ್ರಣದ ತೇಪೆ ಸರಿಯಾಗಿ ಹಾಕಿದ ಕೋಲ್ಡ್ ಮಿಕ್ಸ್‌ಗಿಂತ ಬೇಗ ಕಿತ್ತುಬರುತ್ತದೆ. ಚೀಲಕ್ಕೆ ಕೊಡುವ ಹೆಚ್ಚಿನ ಬೆಲೆ ಈ ಬಿಡಿಬಿಡಿ ಕೆಲಸದ ಅನುಕೂಲಕ್ಕೆ.

ಆ ಅನುಕೂಲಕ್ಕೂ ಮಿತಿ ಇದೆ. 3.75 ಮೀಟರ್ ಅಗಲದ ರಸ್ತೆಯ 100 ಮೀಟರಿನಲ್ಲಿ ಶೇ. 10ರಷ್ಟು ಜಾಗ ಹಾಳಾಗಿದ್ದರೆ 37.5 ಚದರ ಮೀಟರ್. 5 ಸೆಂ.ಮೀ. ದಪ್ಪಕ್ಕೆ ಅದು ಸುಮಾರು 4 ಟನ್, 25 ಕೆ.ಜಿ.ಯ 158 ಚೀಲ. ನೂರು ಮೀಟರಿಗೆ ಇಷ್ಟು ಚೀಲ ಬೇಕಾಗುವ ರಸ್ತೆ ತೇಪೆಯ ಹಂತ ದಾಟಿದೆ. ಅಪಾಯದ ಗುಂಡಿಗಳನ್ನಷ್ಟೇ ಮುಚ್ಚಿ, ಮಳೆ ನಿಂತ ಮೇಲೆ ಹೊಸ ಪದರಕ್ಕೆ ಅಂದಾಜು ಕಳಿಸಬೇಕು.

ಕೊಳ್ಳುವ ಮುನ್ನ ರಸ್ತೆಯ ಜಾತಕವನ್ನೂ ನೋಡಿ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಮುಗಿದ ಮೇಲೆ 5 ವರ್ಷದ ನಿರ್ವಹಣೆ ಅದೇ ಗುತ್ತಿಗೆದಾರನದು, ಕರಾರಿನಲ್ಲೇ ಬರೆದಿರುತ್ತದೆ. ಬೇರೆ ರಸ್ತೆಗಳಿಗೂ ದೋಷ ಹೊಣೆಗಾರಿಕೆ ಅವಧಿ, ಅಂದರೆ ಹಾಳಾದರೆ ಗುತ್ತಿಗೆದಾರನೇ ಸರಿಪಡಿಸಬೇಕಾದ ಕಾಲ, ಇರುತ್ತದೆ. ಆ ಅವಧಿಯೊಳಗೆ ಪಂಚಾಯಿತಿ ತನ್ನ ಹಣದಿಂದ ಗುಂಡಿ ಮುಚ್ಚಿದರೆ ಗುತ್ತಿಗೆದಾರನ ಹೊಣೆಯನ್ನು ಊರಿನವರು ಹೊತ್ತಂತೆ. ರಸ್ತೆ ಬದಿಯ ಫಲಕದ ಫೋಟೋ ತೆಗೆದು, ದಿನಾಂಕ ನೋಡಿ, ಮೊದಲು ಪತ್ರ ಬರೆಯಿರಿ.

ಅವಧಿ ಮುಗಿದ ರಸ್ತೆಗಳ ಗತಿ ಬೇರೆ. ಬಜೆಟ್ಟಿನಲ್ಲಿ ರಸ್ತೆ-ಸೇತುವೆಗಳ ನಿರ್ವಹಣೆ 3054 ಲೆಕ್ಕಶೀರ್ಷಿಕೆಯ ರಾಜಸ್ವ ಖರ್ಚು, ಹೊಸ ನಿರ್ಮಾಣ 5054ರ ಬಂಡವಾಳ ಖರ್ಚು. ಹೊಸ ರಸ್ತೆಗೆ ಗುದ್ದಲಿ ಪೂಜೆ ಇದೆ, ಫಲಕ ಇದೆ. ಬಿರುಕು ಮುಚ್ಚಿದ್ದಕ್ಕೆ ಅದಾವುದೂ ಇಲ್ಲದ್ದರಿಂದ ಅದಕ್ಕಾಗಿ ಒತ್ತಾಯಿಸುವವರು ಕಡಿಮೆ. ಗ್ರಾಮ ಪಂಚಾಯಿತಿಗೆ 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಶೇ. 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿತ್ತು, ಉಳಿದ ಶೇ. 40ರ ಮುಕ್ತ ಪಾಲಿನಲ್ಲೇ ರಸ್ತೆ, ಮೋರಿ, ದೀಪ ಎಲ್ಲ ನಡೆಯಬೇಕಿತ್ತು. ಇಷ್ಟು ಬಿಗಿಯಾದ ಹಣದಲ್ಲಿ ನಮ್ಮ ಸಲಹೆ: ರಸ್ತೆ ನಿರ್ವಹಣೆಗೆ ಸಿಕ್ಕ ಮೊತ್ತದ ದೊಡ್ಡ ಪಾಲನ್ನು ಏಪ್ರಿಲ್-ಮೇ ತಿಂಗಳಲ್ಲೇ ಚರಂಡಿ ಹೂಳು, ಪಕ್ಕದ ಮಣ್ಣು, ಬಿರುಕು ಮುಚ್ಚುವುದಕ್ಕೆ ಖರ್ಚು ಮಾಡಿ. ಚೀಲಕ್ಕೆ ಉಳಿದ ಸಣ್ಣ ಪಾಲು ಸಾಕಾಗುತ್ತದೆ. ಚರಂಡಿ ಬಿಟ್ಟು ಚೀಲಕ್ಕೇ ಎಲ್ಲ ಹಾಕಿದ ಕಡೆ ಪ್ರತಿ ವರ್ಷ ಅದೇ ಜಾಗಕ್ಕೆ ಚೀಲ ಹೋಗುತ್ತಲೇ ಇರುತ್ತದೆ.

ಸೇತುವೆಯ ಮೇಲೆ ಬೇಡ

ಹಳೆಯ ಸೇತುವೆಗಳಲ್ಲಿ ಗುಂಡಿ ಹೆಚ್ಚಾಗಿ ಬೀಳುವುದು ಎಕ್ಸ್‌ಪಾನ್ಷನ್ ಜಾಯಿಂಟಿನ, ಅಂದರೆ ಸೇತುವೆಯ ಭಾಗಗಳ ನಡುವೆ ಬಿಟ್ಟ ಸಂದಿನ, ಅಕ್ಕಪಕ್ಕ. ಅಲ್ಲಿ ಚೀಲ ಸುರಿಯುವುದು ನಮ್ಮ ಜಿಲ್ಲೆಗಳಲ್ಲಿ ದಿನನಿತ್ಯದ ದೃಶ್ಯ. ಅದು ಯಾಕೆ ತಪ್ಪು ಎಂದರೆ, 20 ಮೀಟರ್ ಉದ್ದದ ಕಾಂಕ್ರೀಟ್ ಸ್ಪ್ಯಾನ್ (ಎರಡು ಕಂಬಗಳ ನಡುವಿನ ಭಾಗ) 30 ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೆ ಸುಮಾರು 7 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಆ ಚಲನೆಗೆಂದೇ ಸಂದು ಬಿಟ್ಟಿರುವುದು. ಅದರೊಳಗೆ ಜಲ್ಲಿ ಸೇರಿ ಗಟ್ಟಿಯಾದರೆ ತಳ್ಳುವ ಬಲ ತೊಲೆ ಕೂರುವ ಬೇರಿಂಗಿಗೂ ಸೇತುವೆಯ ಕೊನೆಯ ಗೋಡೆಗೂ ಹೋಗುತ್ತದೆ. ಜಾಯಿಂಟಿನ ರಬ್ಬರು ಹರಿದಿದ್ದು ಮೇಲೆ ತೇಪೆ ಇದ್ದರೆ ಹರಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಳೆನೀರು ಸೋರಿ ತೊಲೆಯ ತುದಿಗೆ, ಬೇರಿಂಗಿಗೆ ಇಳಿಯುತ್ತಲೇ ಇರುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿಯಲು ಇಷ್ಟು ಸಾಕು.

ಭಾರದ ಲೆಕ್ಕವೂ ಇದೆ. 7.5 ಮೀಟರ್ ಅಗಲದ ಹಾಸಿನ ಮೇಲೆ ಹಳೆಯದನ್ನು ಕೀಳದೆ 25 ಮಿ.ಮೀ. ಹೊಸ ಡಾಂಬರು ಹಾಕಿದರೆ 20 ಮೀಟರಿನ ಒಂದು ಸ್ಪ್ಯಾನ್‌ಗೆ ಸುಮಾರು 8.6 ಟನ್ ಶಾಶ್ವತ ಭಾರ ಸೇರುತ್ತದೆ. ಹತ್ತಾರು ವರ್ಷ ಪದರದ ಮೇಲೆ ಪದರ ಬಂದ ಸೇತುವೆಗಳಲ್ಲಿ ಪಾದಚಾರಿ ಕಟ್ಟೆಯ ಎತ್ತರವೇ ಮುಚ್ಚಿಹೋಗಿರುವುದನ್ನು, ನೀರು ಹೋಗುವ ಕೊಳವೆಗಳ ಬಾಯಿ ಹೂತಿರುವುದನ್ನು ನೋಡಬಹುದು.

2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕಿ ಬಂದರು. ಸೇತುವೆಗೆ ಆಗ ನಾಲ್ಕು ದಶಕದ ವಯಸ್ಸು. ಆ ವಯಸ್ಸಿನ ಸೇತುವೆಗಳು ರಾಜ್ಯದಲ್ಲಿ ಇನ್ನೂ ಬಹಳಷ್ಟಿವೆ, ಅವುಗಳ ಮೇಲಿನ ಪ್ರತಿ ಗುಂಡಿಯನ್ನೂ ಕೆಳಗಿಳಿದು ನೋಡಬೇಕಾದ ಸೂಚನೆಯೆಂದೇ ತೆಗೆದುಕೊಳ್ಳಬೇಕು. ಹಾಸಿನ ಅಡಿಭಾಗದಲ್ಲಿ ತುಕ್ಕಿನ ಕಲೆ, ಉದುರಿದ ಕಾಂಕ್ರೀಟು, ಬಿಳಿ ಸುಣ್ಣದ ಗೆರೆ ಇದ್ದರೆ ಫೋಟೋ ಸಮೇತ ಕಾರ್ಯಪಾಲಕ ಎಂಜಿನಿಯರಿಗೆ ಬರಹದಲ್ಲಿ ಕೊಡಿ. ಸೇತುವೆ ತಪಾಸಣೆಗೆ ಐಆರ್‌ಸಿ ಎಸ್‌ಪಿ:35 ಎಂಬ ಮಾರ್ಗಸೂಚಿ ಇದೆ, ಮಳೆಗೆ ಮುಂಚೆ ಮತ್ತು ಮಳೆ ನಿಂತ ಮೇಲೆ ಅದರಂತೆ ನೋಡಿದ ವರದಿ ಕೇಳಿ. ಜಾಯಿಂಟಿನಿಂದ ದೂರ ಇರುವ ಸಣ್ಣ ಗುಂಡಿಗೆ ಒಣ ಕಾಲದಲ್ಲಿ ಮಾಸ್ಟಿಕ್ ಆಸ್ಫಾಲ್ಟ್ ಹಾಕಿಸುವುದು ಸರಿಯಾದ ಕೆಲಸ. ಅದು ನೀರು ಬಿಡದ ಪದರ, ಕುಟ್ಟುವ ಅಗತ್ಯವೂ ಇಲ್ಲ.

ಖರೀದಿ ಆದೇಶಕ್ಕೆ

ಎರಡು ಕಂತಿನಲ್ಲಿ ಸರಬರಾಜು ಕೇಳಿ, ಜೂನ್ ಮೊದಲ ವಾರಕ್ಕೊಂದು, ಆಗಸ್ಟಿಗೊಂದು. ಚೀಲ ತಲುಪುವ ದಿನಕ್ಕೆ ತಯಾರಾಗಿ ಒಂದು ತಿಂಗಳಿಗಿಂತ ಹೆಚ್ಚಾಗಿರಬಾರದು ಎಂದು ಬರೆಯಿರಿ. ಮಿಶ್ರಣದ ಜಾತಿ, ಅದು ಹೊಂದುವ ಐಆರ್‌ಸಿ ಸಂಖ್ಯೆ, ಜಲ್ಲಿಯ ಗಾತ್ರ, ನೀರಿನ ಪರೀಕ್ಷೆಯ ಫಲಿತಾಂಶ ಆದೇಶದಲ್ಲೇ ಇರಲಿ. ದರವನ್ನು ಚೀಲಕ್ಕಲ್ಲ, ಕಿಲೋಗೆ ಹೋಲಿಸಿ. 20, 25, 50 ಕೆ.ಜಿ.ಯ ಚೀಲಗಳ ನಡುವೆ ಲೆಕ್ಕ ತಪ್ಪುವುದು ಸುಲಭ. ಬಂದ ಚೀಲಗಳಲ್ಲಿ ಕೆಲವನ್ನು ತೂಗಿ ನೋಡಿ. ಗೋದಾಮಿನಲ್ಲಿ ನೆಲಕ್ಕೆ ಹಲಗೆ ಹಾಕಿ, ನೆರಳಿನಲ್ಲಿ, ಹತ್ತಕ್ಕಿಂತ ಹೆಚ್ಚು ಚೀಲ ಒಂದರ ಮೇಲೊಂದು ಬರದಂತೆ ಇಡಿ. ಒಡೆದ ಚೀಲ ಉಳಿದರೆ ಬಾಯಿ ಬಿಗಿದು ಕಟ್ಟಿ ಒಂದೆರಡು ದಿನದಲ್ಲೇ ಬಳಸಬೇಕು. ಹಾಕುವ ಕೆಲಸವನ್ನೂ ಅದೇ ಪೂರೈಕೆದಾರರಿಗೆ ಕೊಟ್ಟಿದ್ದರೆ ಬಿಲ್ಲಿನ ಒಂದು ಪಾಲನ್ನು ನವೆಂಬರ್‌ವರೆಗೆ ತಡೆಹಿಡಿಯುವ ಷರತ್ತು ಸೇರಿಸಿ. ಮಳೆ ನಿಂತ ಮೇಲೆ ಅಳತೆ ಪುಸ್ತಕ ಹಿಡಿದು ಪ್ರತಿ ತೇಪೆಯನ್ನೂ ನೋಡಿ, ನಿಂತದ್ದಕ್ಕೆ ಮಾತ್ರ ಆ ಪಾಲು ಬಿಡುಗಡೆ ಮಾಡಿ.